417ನೇ ನಂಬರಿನ ರೈತ

ಟೆಸ್ಟ್ ಡೇಟಾ ಮಾಡುವುದು ನಮ್ಮ ವೃತ್ತಿಯಲ್ಲಿ ಹೊಸಬರ ತಲೆಗೆ ಕಟ್ಟುವ ಚಿಲ್ಲರೆ ಕೆಲಸ. ನಾಲ್ಕು ಹೆಸರು, ನಾಲ್ಕು ಫೋನ್ ನಂಬರು ಬರೆದು ಡೇಟಾಬೇಸಿಗೆ ತುಂಬಿದರೆ ಮುಗಿಯಿತು ಅನ್ನುವ ಲೆಕ್ಕ. 2019ರ ಕೊನೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಸೇರಿದಾಗ ನನಗೂ ಅದನ್ನೇ ಕೊಟ್ಟರು. ಅಪ್ಲಿಕೇಶನ್ನು ಊರೂರಿನ ಹಾಲು ಉತ್ಪಾದಕರ ಸಂಘಗಳ ಲೆಕ್ಕ ಇಡುವಂಥದ್ದು. ನಮ್ಮ ಮನೆಯಲ್ಲೂ ಅಮ್ಮ ಡೇರಿಗೆ ಹಾಲು ಹಾಕಿಯೇ ನನ್ನ ಕಾಲೇಜಿನ ಫೀಸು ಕಟ್ಟಿದ್ದು. ಹಾಗಾಗಿ ಲೀಟರು, ಫ್ಯಾಟು, ಎಸ್‌ಎನ್‌ಎಫ್, ಬಟವಾಡೆ ಇದ್ಯಾವುದನ್ನೂ ನನಗೆ ಹೇಳಿಕೊಡಬೇಕಿರಲಿಲ್ಲ. ಕಂಪನಿಯವರಿಗೂ ಅದೇ ಖುಷಿ. "ನಿಮಗೆ ಡೊಮೈನ್ ಗೊತ್ತಲ್ಲ ಮೇಡಂ, ಆರಾಮಾಗಿ ಆಗತ್ತೆ" ಅಂದರು.

ಕೆಲಸ ಹುಟ್ಟಿದ್ದು ಒಂದು ಗಡುವಿನಿಂದ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಲ್ಲುತ್ತಿತ್ತು. ನಮ್ಮ ಅಪ್ಲಿಕೇಶನ್ ಕೂತಿದ್ದು ಡ್ಜಾಂಗೊ ಎಂಬ ಪೈಥಾನ್ ಫ್ರೇಮ್‌ವರ್ಕಿನ 1.11ನೇ ಆವೃತ್ತಿಯ ಮೇಲೆ; ಪೈಥಾನ್ 2ರಲ್ಲಿ ಓಡುವ ಕೊನೆಯ ಡ್ಜಾಂಗೊ ಅದೇ. ಪೈಥಾನನ್ನೂ ಬದಲಿಸಬೇಕು, ಡ್ಜಾಂಗೊವನ್ನು 2.2ಕ್ಕೆ ಏರಿಸಬೇಕು. ಹೇಗಿದ್ದರೂ ಟೆಸ್ಟುಗಳಿವೆ, ಓಡಿಸಿದರೆ ಎಲ್ಲಿ ಮುರಿಯಿತು ಅಂತ ಅವೇ ಹೇಳುತ್ತವೆ ಅನ್ನುವುದು ಎಲ್ಲರ ಧೈರ್ಯ. ಓಡಿಸಿದೆ. ಪರದೆ ತುಂಬ ಕೆಂಪು.

ಮುರಿದಿದ್ದು ಪ್ರೋಗ್ರಾಮ್ ಅಲ್ಲ, ಟೆಸ್ಟುಗಳೇ. ಅದರ ಕಾರಣ ಹೇಳಲು ಟೇಬಲುಗಳ ಸಂಬಂಧ ಸ್ವಲ್ಪ ವಿವರಿಸಬೇಕು. ಒಕ್ಕೂಟದ ಕೆಳಗೆ ಹಾಲಿನ ರೂಟು, ರೂಟಿನ ಕೆಳಗೆ ಸಂಘ, ಸಂಘದ ಕೆಳಗೆ ಸದಸ್ಯರು. ಸದಸ್ಯರು ಬೆಳಿಗ್ಗೆ ಸಂಜೆ ಹಾಕಿದ ಹಾಲಿಗೆ ಒಂದೊಂದು ಸಾಲು. ಆ ಸಾಲಿಗೆ ಆ ದಿನದ ದರಪಟ್ಟಿ ಬೇಕು, ಕೊನೆಗೆ ಪಶು ಆಹಾರದ ಕಡಿತ ಕಳೆದು ಹದಿನೈದು ದಿನಕ್ಕೊಂದು ಬಿಲ್ಲು. ಪ್ರತಿ ಟೇಬಲ್ಲೂ ಇನ್ನೊಂದರ ಕೈ ಹಿಡಿದು ನಿಂತಿರುತ್ತದೆ. ಹಾಲಿನ ಸಾಲಿನಲ್ಲಿ ಸದಸ್ಯರ ಐಡಿ ಇದ್ದರೆ ಆ ಐಡಿಯ ಸದಸ್ಯ ನಿಜಕ್ಕೂ ಸದಸ್ಯರ ಟೇಬಲಿನಲ್ಲಿ ಇರಲೇಬೇಕು. ಈ ಕರಾರಿಗೆ ಫಾರಿನ್ ಕೀ ಎನ್ನುತ್ತಾರೆ. ಐಬಿಎಮ್ಮಿನ ಇ. ಎಫ್. ಕಾಡ್ 1970ರಲ್ಲಿ ರಿಲೇಶನಲ್ ಮಾದರಿಯ ಬಗ್ಗೆ ಬರೆದ ಪ್ರಬಂಧದಲ್ಲೇ ಈ ಮಾತಿದೆ. ಹೊಸ ವಿಷಯವೇನಲ್ಲ.

ನಮ್ಮಲ್ಲಿ ಟೆಸ್ಟುಗಳು ಓಡುತ್ತಿದ್ದದ್ದು ಎಸ್‌ಕ್ಯುಲೈಟ್ ಮೇಲೆ, ಯಾಕೆಂದರೆ ಆ ಡೇಟಾಬೇಸ್ ಹಗುರ, ಬೇಗ. ಅಸಲಿ ಸರ್ವರಿನಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್. ಎಸ್‌ಕ್ಯುಲೈಟ್ ಫಾರಿನ್ ಕೀಯನ್ನು ಬರೆದಿಟ್ಟುಕೊಳ್ಳುತ್ತದೆಯೇ ಹೊರತು ನಾವಾಗಿ ಆನ್ ಮಾಡದಿದ್ದರೆ ಜಾರಿ ಮಾಡುವುದಿಲ್ಲ. ಡ್ಜಾಂಗೊ ತಾನಾಗಿ ಅದನ್ನು ಆನ್ ಮಾಡಲು ಶುರು ಮಾಡಿದ್ದು 2017ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಿಂದ. ಅಂದರೆ ಅಲ್ಲಿಯವರೆಗೆ ನಮ್ಮ ಟೆಸ್ಟುಗಳಲ್ಲಿ ಯಾರೂ ಇಲ್ಲದ ಐಡಿ ಬರೆದರೂ ಕೇಳುವವರಿರಲಿಲ್ಲ. ಹಿಂದಿನವರು ಅದರ ಲಾಭ ಧಾರಾಳವಾಗಿ ಪಡೆದಿದ್ದರು. ಬಿಲ್ಲಿನ ಟೆಸ್ಟಿಗೆ ನಾಲ್ಕು ಹಾಲಿನ ಸಾಲು ಬೇಕೆ? ಸದಸ್ಯರ ಐಡಿ 417 ಎಂದು ಕೈಯಲ್ಲಿ ಬರೆದುಬಿಡು, ಸಂಘ 9, ದರಪಟ್ಟಿ 3. ಆ ಸದಸ್ಯನೂ ಇಲ್ಲ, ಸಂಘವೂ ಇಲ್ಲ. ಲೀಟರು ಗುಣಿಸು ದರ ಸರಿ ಬಂದರೆ ಟೆಸ್ಟ್ ಪಾಸು.

ಇದೇ ಸಮಯಕ್ಕೆ ಟೆಸ್ಟುಗಳನ್ನೂ ಪೋಸ್ಟ್‌ಗ್ರೆಸ್ಸಿಗೆ ತರೋಣ ಎಂದು ತೀರ್ಮಾನವಾಯಿತು. ಸರಿಯಾದ ತೀರ್ಮಾನ, ಈಗಲೂ ಅದನ್ನೇ ಹೇಳುತ್ತೇನೆ. ಅನುಭವಿಸಿದ್ದು ಮಾತ್ರ ನಾನು.

ದೋಷದ ಸಂದೇಶ ಹೀಗೆ ಬರುತ್ತಿತ್ತು: "ಕೀ (ಮೆಂಬರ್_ಐಡಿ)=(417) ಇಸ್ ನಾಟ್ ಪ್ರೆಸೆಂಟ್ ಇನ್ ಟೇಬಲ್ ಮೆಂಬರ್ಸ್." ಓದಲು ಸರಳ. ಆದರೆ ಅದು ಯಾವ ಸಾಲಿನ ಕೋಡಿನಿಂದ ಬಂತು ಅನ್ನುವುದು ಮಾತ್ರ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್ಸಿನಲ್ಲಿ ಡ್ಜಾಂಗೊ ಫಾರಿನ್ ಕೀಗಳನ್ನು ಮುಂದೂಡುವ ಬಗೆಯಲ್ಲಿ ಬರೆಯುತ್ತದೆ. ಸಾಲು ಸೇರಿಸುವಾಗ ಸುಮ್ಮನಿದ್ದು ಟ್ರಾನ್ಸಾಕ್ಷನ್ ಮುಗಿಯುವಾಗ ಪರೀಕ್ಷಿಸು ಅಂತ ಅದರ ಅರ್ಥ. ಟೆಸ್ಟುಗಳಲ್ಲಿ ಟ್ರಾನ್ಸಾಕ್ಷನ್ ಯಾವತ್ತೂ ಪೂರ್ತಿಯಾಗುವುದಿಲ್ಲ, ಪ್ರತಿ ಟೆಸ್ಟ್ ಆದಮೇಲೆ ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿ ಒರೆಸಿಹಾಕುತ್ತಾರೆ. ಆದ್ದರಿಂದ ಒರೆಸುವ ಮುಂಚೆ ಒಮ್ಮೆ ಡ್ಜಾಂಗೊ ಎಲ್ಲ ಕರಾರುಗಳನ್ನೂ ಪರಿಶೀಲಿಸುತ್ತದೆ. ಹೀಗಾಗಿ ಟೆಸ್ಟಿನ ಪ್ರತಿ ಸಾಲೂ ಪಾಸು, ಲೆಕ್ಕ ಸರಿ, ಕೊನೆಗೆ ಬಾಗಿಲು ಹಾಕುವಾಗ ಮಾತ್ರ 417 ಎಲ್ಲಿ ಎಂಬ ಪ್ರಶ್ನೆ. ಸಂದೇಶದಲ್ಲಿ ತೋರುವುದು ಡ್ಜಾಂಗೊದ ಒಳಗಿನ ಕೋಡು, ನಮ್ಮದಲ್ಲ. ಕಡತಗಳಲ್ಲಿ 417 ಹುಡುಕಿದರೆ ಎಲ್ಲ ಟೆಸ್ಟುಗಳಲ್ಲೂ 417. ಯಾರೋ ಒಬ್ಬರು ಮೊದಲು ಬರೆದಿದ್ದನ್ನು ಉಳಿದವರೆಲ್ಲ ಕಾಪಿ ಮಾಡಿಕೊಂಡಿದ್ದರು. ಆ 417ನೇ ನಂಬರಿನ ರೈತನನ್ನು ನಾನು ಕನಸಿನಲ್ಲೂ ಬೈದಿದ್ದೇನೆ.

ಆ ರೈತನನ್ನು ಹುಟ್ಟಿಸಿದರೆ ಆಯ್ತಲ್ಲ ಎಂದು ಹೊರಟರೆ ಅವನಿಗೆ ಸಂಘ ಬೇಕು. ಸಂಘಕ್ಕೆ ರೂಟು, ರೂಟಿಗೆ ಒಕ್ಕೂಟ. ಸಂಘಕ್ಕೊಬ್ಬ ಕಾರ್ಯದರ್ಶಿ ಬೇಕು; ನಮ್ಮ ಟೇಬಲಿನಲ್ಲಿ ಕಾರ್ಯದರ್ಶಿಯೂ ಒಬ್ಬ ಸದಸ್ಯನೇ, ಸದಸ್ಯನಾಗಬೇಕಾದರೆ ಮೊದಲು ಸಂಘ ಇರಬೇಕು. ಸಂಘ ಮೊದಲೋ ಕಾರ್ಯದರ್ಶಿ ಮೊದಲೋ? ಕಾರ್ಯದರ್ಶಿಯ ಜಾಗ ಖಾಲಿ ಬಿಟ್ಟು ಸಂಘ ಮಾಡಿ, ಸದಸ್ಯನನ್ನು ಸೇರಿಸಿ, ಆಮೇಲೆ ವಾಪಸು ಬಂದು ಸಂಘದ ಸಾಲು ತಿದ್ದಬೇಕು. ಒಂದು ಲೋಟ ಹಾಲಿನ ಲೆಕ್ಕಕ್ಕೆ ಇಡೀ ಜಿಲ್ಲಾ ಒಕ್ಕೂಟವನ್ನೇ ಕಟ್ಟಿದ ಹಾಗಾಯಿತು.

ಫಾರಿನ್ ಕೀ ಸರಿಹೋದ ಟೆಸ್ಟುಗಳು ಬೇರೆ ಕಡೆ ಬಿದ್ದವು. ಕೆಲವು ಒಂದೊಂದೇ ಓಡಿಸಿದರೆ ಪಾಸು, ಎಲ್ಲ ಒಟ್ಟಿಗೆ ಓಡಿಸಿದರೆ ಫೇಲು. ಈ ಜಾತಿಯ ತೊಂದರೆ ಅನುಭವಿಸಿದವರಿಗೇ ಗೊತ್ತು. ಕಾರಣ ಇಷ್ಟೆ: ಟೆಸ್ಟ್ ಬರೆದವರು "ಈಗ ತಾನೇ ಮೊದಲ ಸಂಘ ಮಾಡಿದ್ದೇನೆ, ಅದರ ಐಡಿ 1" ಎಂದು ನಂಬಿಕೊಂಡಿದ್ದರು. ಎಸ್‌ಕ್ಯುಲೈಟಿನಲ್ಲಿ ರೋಲ್‌ಬ್ಯಾಕ್ ಆದಾಗ ನಂಬರಿನ ಲೆಕ್ಕವೂ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಪ್ರತಿ ಟೆಸ್ಟಿಗೂ 1 ಸಿಗುತ್ತಿತ್ತು. ಪೋಸ್ಟ್‌ಗ್ರೆಸ್ಸಿನ ಸೀಕ್ವೆನ್ಸ್ ಹಾಗಲ್ಲ. ಒಮ್ಮೆ ಕೊಟ್ಟ ಟೋಕನ್ ಕೊಟ್ಟಿದ್ದೇ, ಸಾಲು ಅಳಿಸಿಹೋದರೂ ನಂಬರು ಮುಂದೆ ಹೋಗುತ್ತದೆ. ಸಾಲುಗಳ ಕ್ರಮದ್ದೂ ಇದೇ ಕಥೆ: ಯಾವ ಕ್ರಮದಲ್ಲಿ ಬೇಕು ಎಂದು ಹೇಳದಿದ್ದರೆ ಪೋಸ್ಟ್‌ಗ್ರೆಸ್ ತನಗೆ ತೋಚಿದ ಕ್ರಮದಲ್ಲಿ ಕೊಡುತ್ತದೆ, ಒಂದು ಸಾಲು ತಿದ್ದಿದರೆ ಅದು ಪಟ್ಟಿಯ ಇನ್ನೊಂದು ತುದಿಯಲ್ಲಿ ಕಾಣಿಸಬಹುದು. ಟೆಸ್ಟುಗಳೋ, ಮೊದಲು ಸೇರಿಸಿದ್ದು ಮೊದಲೇ ಬರುತ್ತದೆ ಅಂದುಕೊಂಡಿದ್ದವು.

ಹೆಸರಿನ ಉದ್ದದಲ್ಲೂ ಸಿಕ್ಕಿಬಿದ್ದೆವು. ಸಂಘದ ಹೆಸರಿಗೆ 40 ಅಕ್ಷರಗಳ ಮಿತಿ ಇಟ್ಟಿದ್ದರು. ಎಸ್‌ಕ್ಯುಲೈಟ್ ಈ ಮಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲಾಗಿ ಟೆಸ್ಟಿನ ಸಂಘದ ಹೆಸರು "ಟೆಸ್ಟ್ ಸೊಸೈಟಿ 1". ನಿಜವಾದ ಹೆಸರು "ಹಾಲು ಉತ್ಪಾದಕರ ಮಹಿಳಾ ಸಹಕಾರ ಸಂಘ ನಿಯಮಿತ" ಅಂತ ಮುಗಿಯುತ್ತದೆ. ಕಂಪ್ಯೂಟರು ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ, ಅನುಸ್ವಾರ ಎಲ್ಲವನ್ನೂ ಒಂದೊಂದು ಅಕ್ಷರ ಎಂದು ಎಣಿಸುವುದರಿಂದ ಅಷ್ಟಕ್ಕೇ 36 ಆಯಿತು. ಮುಂದೆ ಊರಿನ ಹೆಸರು ಬರೆಯಲು ಉಳಿದದ್ದು ನಾಲ್ಕು, ಅದರಲ್ಲೂ ಒಂದು ಖಾಲಿ ಜಾಗಕ್ಕೆ.

ಈ ನಡುವೆ ಫಿಕ್ಸ್ಚರ್ ಎಂಬ ಇನ್ನೊಂದು ಭೂತ. ಯಾವುದೋ ಕಾಲದಲ್ಲಿ ಡೇಟಾಬೇಸಿನಿಂದ ಹೊರತೆಗೆದ ಸಾಲುಗಳ ಒಂದು ಭಾರೀ ಜೇಸನ್ ಕಡತ ಅದು. ಪ್ರತಿ ಸಾಲಿಗೂ ಕೈಯಿಂದ ಹಾಕಿದ ಐಡಿ. ಸದಸ್ಯರ ಟೇಬಲಿಗೆ ಖಾಲಿ ಬಿಡಬಾರದ ಒಂದು ಹೊಸ ಕಾಲಂ ಸೇರಿದರೆ ಕಡತದ ಪ್ರತಿ ಸದಸ್ಯನಿಗೂ ಅದನ್ನು ತುಂಬಬೇಕು. ಇಬ್ಬರು ಬೇರೆ ಬೇರೆ ಕಡೆ ಕೂತು ಹೊಸ ಸದಸ್ಯನನ್ನು ಸೇರಿಸಿದರೆ ಇಬ್ಬರೂ ಹಾಕುವುದು ಒಂದೇ ಐಡಿ. ಒಂದು ಟೆಸ್ಟಿಗಾಗಿ ಒಂದು ಸಾಲಿನ ಫ್ಯಾಟ್ 3.5ರಿಂದ 3.8 ಮಾಡಿದರೆ ಸಂಬಂಧವೇ ಇಲ್ಲದ ಎಲ್ಲೋ ಒಂದು ವರದಿಯ ಟೆಸ್ಟ್ ಬೀಳುತ್ತಿತ್ತು. ಆ ವರದಿಗೆ ಈ ಸಾಲು ಬೇಕಿತ್ತು ಎಂದು ಎಲ್ಲೂ ಬರೆದಿರಲಿಲ್ಲ. ಯಾರೂ ಮುಟ್ಟಲು ಹೆದರುವ ಕಡತ ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಅಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ, ಸೇರಿಸುವುದು ಮಾತ್ರ ಎಲ್ಲರಿಗೂ ಸುಲಭ.

ಅದನ್ನು ಬಿಟ್ಟು ಫ್ಯಾಕ್ಟರಿಗೆ ಬಂದೆವು. ರೂಬಿ ಭಾಷೆಯ ಜಗತ್ತಿನಲ್ಲಿ ಫ್ಯಾಕ್ಟರಿ ಗರ್ಲ್ ಎಂಬ ಹೆಸರಿನಲ್ಲಿ 2008ರಲ್ಲಿ ಬಂದ, 2017ರಲ್ಲಿ ಫ್ಯಾಕ್ಟರಿ ಬಾಟ್ ಎಂದು ಹೆಸರು ಬದಲಿಸಿಕೊಂಡ ಸಲಕರಣೆಯ ಪೈಥಾನ್ ತಮ್ಮ, ಫ್ಯಾಕ್ಟರಿ ಬಾಯ್. "ಒಬ್ಬ ಸದಸ್ಯ ಬೇಕು" ಎಂದರೆ ಅವನ ಸಂಘ, ರೂಟು, ಒಕ್ಕೂಟ ಎಲ್ಲವನ್ನೂ ಅದೇ ಮಾಡಿಕೊಡುತ್ತದೆ. ನನಗೆ ಸ್ವರ್ಗ ಸಿಕ್ಕಿದಂತಾಯಿತು. ಕೆಲವು ವಾರ ಹಾಗೇ ಇತ್ತು.

ಮೊದಲು ಕಾಣಿಸಿದ್ದು ನಿಧಾನ. ಹಾಲಿನ ಸಾಲು ಕೇಳಿದಾಗಲೆಲ್ಲ ಹೊಸ ಸದಸ್ಯ, ಹೊಸ ಸಂಘ, ಹೊಸ ರೂಟು, ಹೊಸ ಒಕ್ಕೂಟ. ಹದಿನೈದು ದಿನ, ಎರಡು ಪಾಳಿ, ಅಂದರೆ ಮೂವತ್ತು ಸಾಲು ಬೇಕೆಂದರೆ ಮೂವತ್ತು ಒಕ್ಕೂಟಗಳು ಹುಟ್ಟುತ್ತಿದ್ದವು. ರಾಜ್ಯದಲ್ಲಿ ಇಲ್ಲದಷ್ಟು ಒಕ್ಕೂಟಗಳು ನಮ್ಮ ಒಂದು ಟೆಸ್ಟಿನಲ್ಲಿ! ಟೆಸ್ಟ್ ಹಚ್ಚಿ ಊಟಕ್ಕೆ ಹೋಗಿ ಬಂದರೂ ಓಡುತ್ತಲೇ ಇರುತ್ತಿತ್ತು. ಇದಕ್ಕೆ ಮದ್ದಿದೆ: ಟೆಸ್ಟ್ ಕ್ಲಾಸಿಗೆ ಒಮ್ಮೆ ಮಾತ್ರ ಡೇಟಾ ಕಟ್ಟಿ ಎಲ್ಲ ಟೆಸ್ಟುಗಳಿಗೂ ಅದನ್ನೇ ಕೊಡುವ ಸೌಕರ್ಯ ಡ್ಜಾಂಗೊ 1.8ರಿಂದಲೇ ಇತ್ತು. ಅದರಲ್ಲೂ ಒಂದು ಮುಳ್ಳು. ಒಂದು ಟೆಸ್ಟ್ ಆ ಸದಸ್ಯನ ಹೆಸರು ಬದಲಿಸಿದರೆ ಡೇಟಾಬೇಸಿನಲ್ಲಿ ರೋಲ್‌ಬ್ಯಾಕ್ ಆಗುತ್ತದೆ, ಮೆಮೊರಿಯಲ್ಲಿರುವ ಸದಸ್ಯ ಮಾತ್ರ ಹೊಸ ಹೆಸರಿನಲ್ಲೇ ಮುಂದಿನ ಟೆಸ್ಟಿಗೆ ಹೋಗುತ್ತಾನೆ. ಡ್ಜಾಂಗೊದವರು ಇದನ್ನು ಸರಿಪಡಿಸಿದ್ದು 2021ರ 3.2 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಪ್ರತಿ ಟೆಸ್ಟಿನ ಶುರುವಿನಲ್ಲಿ ನಾವೇ ಡೇಟಾಬೇಸಿನಿಂದ ಮತ್ತೆ ಓದಿಸುತ್ತಿದ್ದೆವು.

ನಿಧಾನವನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆ ಇತ್ತು. ನಮ್ಮ ಹಾಲಿನ ಸಾಲಿನಲ್ಲಿ ಎರಡು ಸಂಬಂಧಗಳಿದ್ದವು: ಯಾವ ಸದಸ್ಯರು ಹಾಕಿದ್ದು, ಯಾವ ಸಂಘದ ತೂಕದ ಯಂತ್ರದಲ್ಲಿ ಅಳೆದದ್ದು. ಸದಸ್ಯರಿಗೂ ಒಂದು ಸಂಘ ಇದೆ. ಫ್ಯಾಕ್ಟರಿಗೆ ಇದ್ಯಾವುದೂ ಗೊತ್ತಿಲ್ಲ. ಸದಸ್ಯರಿಗಾಗಿ ಒಂದು ಸಂಘ ಮಾಡಿತು, ಸಾಲಿಗಾಗಿ ಇನ್ನೊಂದು. ರಾಮನಗರ ಸೀಮೆಯ ರೈತ ಬೆಳಿಗ್ಗೆ ಐದಕ್ಕೆ ಕೋಲಾರದ ಸಂಘಕ್ಕೆ ಹೋಗಿ ಹಾಲು ಹಾಕಿ ಬಂದ. ಸದಸ್ಯನೂ ಇದ್ದಾನೆ, ಎರಡೂ ಸಂಘಗಳಿವೆ, ಫಾರಿನ್ ಕೀಗಳು ಅಚ್ಚುಕಟ್ಟು. ಡೇಟಾಬೇಸ್ ತುಟಿ ಪಿಟಕ್ ಅನ್ನಲಿಲ್ಲ. ಐಡಿ ಇದೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಈ ರೈತ ಅಲ್ಲಿ ಹಾಲು ಹಾಕುವುದು ಸಾಧ್ಯವೇ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಪರಿಣಾಮ ಬಿಲ್ಲಿನ ಟೆಸ್ಟಿನಲ್ಲಿ ಕಂಡಿತು. ಸಂಘದ ಮೂಲಕ ಕೂಡಿದರೆ ಒಂದು ಮೊತ್ತ, ಸದಸ್ಯರ ಮೂಲಕ ಕೂಡಿದರೆ ಸೊನ್ನೆ. ಜೊತೆಯ ಹುಡುಗನೊಬ್ಬ ಸೊನ್ನೆ ಬರುತ್ತದೆ ಎಂದು ಟೆಸ್ಟಿನಲ್ಲಿ ನಿರೀಕ್ಷೆಯನ್ನೇ ಸೊನ್ನೆಗೆ ತಿದ್ದಿ ಪಾಸು ಮಾಡಿಕೊಂಡಿದ್ದ. ಬೈಯಲು ಮನಸ್ಸಾಗಲಿಲ್ಲ, ಗಡುವಿನ ಹಿಂದಿನ ಸಂಜೆ ಯಾರಾದರೂ ಅದನ್ನೇ ಮಾಡುತ್ತಾರೆ. ಫ್ಯಾಕ್ಟರಿಯಲ್ಲಿ "ಸಾಲಿನ ಸಂಘವನ್ನು ಸದಸ್ಯರಿಂದಲೇ ತೆಗೆದುಕೋ" ಎಂದು ಒಂದು ಸಾಲು ಬರೆದರೆ ಇದು ಸರಿಹೋಗುತ್ತದೆ. ಆ ಒಂದು ಸಾಲು ಎಲ್ಲೆಲ್ಲಿ ಬೇಕು ಎಂದು ಕಂಡುಕೊಳ್ಳಲು ಎಲ್ಲ ಟೇಬಲುಗಳ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಎರಡು ದಾರಿಯಲ್ಲಿ ಹೊರಟು ಒಂದೇ ಟೇಬಲಿಗೆ ಬಂದು ಸೇರುವ ಕಡೆಗಳಿಗೆಲ್ಲ ಕೆಂಪು ಪೆನ್ನಿನ ಗುರುತು. ಕಡಿತ, ಬಿಲ್ಲು, ದರಪಟ್ಟಿ, ಬೋನಸ್ಸು, ಎಲ್ಲ ಕಡೆ ಕೆಂಪು.

ಇಷ್ಟರಲ್ಲಿ ಮೇಲಿನವರಿಗೆ ತಾಳ್ಮೆ ಕೆಟ್ಟಿತು. ಸುಳ್ಳು ಡೇಟಾ ಕಟ್ಟುವ ಬದಲು ಅಸಲಿ ಡೇಟಾಬೇಸಿನ ಪ್ರತಿಯನ್ನೇ ತಂದು ಟೆಸ್ಟ್ ಸರ್ವರಿಗೆ ಸುರಿಯಿರಿ ಎಂದರು. ಆ ಪದ್ಧತಿ ನಾನು ಸೇರುವ ಮುಂಚೆಯೂ ಇತ್ತಂತೆ. ರೈತರ ಫೋನ್ ನಂಬರು, ಖಾತೆ ಸಂಖ್ಯೆ ಮುಚ್ಚಬೇಕು ಎಂದು ನಾವು ಒಂದಿಬ್ಬರು ಪಟ್ಟು ಹಿಡಿದೆವು, ಸದಸ್ಯರ ಟೇಬಲಿನ ನಂಬರುಗಳನ್ನೆಲ್ಲ ಸುಳ್ಳು ನಂಬರು ಮಾಡಿದರು. ಆದರೆ ಕಳಿಸಬೇಕಾದ ಎಸ್ಸೆಮ್ಮೆಸ್ಸುಗಳ ಸರತಿಗೆ ಬೇರೊಂದು ಟೇಬಲಿತ್ತು. ಅದರಲ್ಲಿ ಸದಸ್ಯರ ಐಡಿ ಇರಲಿಲ್ಲ, ಫೋನ್ ನಂಬರನ್ನೇ ಕಾಪಿ ಮಾಡಿ ಇಟ್ಟಿದ್ದರು. ಫಾರಿನ್ ಕೀ ಇಲ್ಲದ ಸಂಬಂಧ ನಕ್ಷೆಯಲ್ಲಿ ಕಾಣುವುದಿಲ್ಲ. ಗೋಡೆಯ ಮೇಲಿನ ನನ್ನ ಹಾಳೆಯಲ್ಲೂ ಆ ಟೇಬಲ್ ಒಂಟಿಯಾಗಿ ಒಂದು ಮೂಲೆಯಲ್ಲಿತ್ತು. ಟೆಸ್ಟ್ ಸರ್ವರಿನ ಸೆಟಿಂಗ್ಸಿನಲ್ಲಿ ಅಸಲಿ ಎಸ್ಸೆಮ್ಮೆಸ್ ಖಾತೆಯ ಕೀ ಉಳಿದುಕೊಂಡಿತ್ತು. ಸರತಿಯಲ್ಲಿದ್ದ ಮೆಸೇಜುಗಳನ್ನು ಕಳಿಸುವ ರಾತ್ರಿಯ ಕೆಲಸ ಎಂದಿನಂತೆ ಓಡಿತು.

ಬೆಳಿಗ್ಗೆ ಒಂದು ಸಂಘದ ಕಾರ್ಯದರ್ಶಿಯವರ ಫೋನು. "ಮೇಡಂ, ಇಲ್ಲಿ ಜನ ಬ್ಯಾಂಕ್ ಮುಂದೆ ನಿಂತವ್ರೆ. ದುಡ್ಡು ಜಮಾ ಆಗಿದೆ ಅಂತ ಮೆಸೇಜ್ ಬಂದದೆ, ಪಾಸ್‌ಬುಕ್ಕಲ್ಲಿ ಏನೂ ಇಲ್ಲ. ನಾನು ತಿಂದ್ಕಂಡಿದೀನಿ ಅಂತಾವ್ರೆ. ಏನ್ ಹೇಳ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಟೆಸ್ಟ್ ಮೆಸೇಜು, ತಪ್ಪಾಗಿ ಬಂದಿದೆ ಅಣ್ಣ ಅಂದೆ. "ಟೆಸ್ಟಾ? ಯಾರ್ನ ಟೆಸ್ಟ್ ಮಾಡ್ತಿದೀರಿ?" ಅಂದರು. ದಿನವಿಡೀ ಒಂದೊಂದೇ ಸಂಘಕ್ಕೆ ಫೋನ್ ಮಾಡಿ ಕ್ಷಮೆ ಕೇಳುವುದೇ ಆಯಿತು. ಹಸುವಿನ ಬೂಸಾಕ್ಕೆ ದುಡ್ಡು ಬಂತೆಂದು ಬಸ್ ಚಾರ್ಜು ಕೊಟ್ಟು ಪೇಟೆಗೆ ಹೋದವರಿದ್ದರು. ನನ್ನ ಅಮ್ಮ ಹಾಗೆ ಹೋಗಿರಬಹುದಿತ್ತು ಅನ್ನುವುದು ತಲೆಯಿಂದ ಹೋಗಲಿಲ್ಲ. ಈಗ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ, ಅಸಲಿ ಡೇಟಾ ಹೊರಗೆ ತೆಗೆಯುವ ಮುಂಚೆ ಕಂಪನಿಗಳು ವಕೀಲರನ್ನು ಕೇಳುತ್ತವೆ. ಆಗ ನಮ್ಮನ್ನು ತಡೆದದ್ದು ನಮ್ಮ ನಾಚಿಕೆಯೊಂದೇ.

ನಂಬರು ಮುಚ್ಚಿದ್ದು ಇನ್ನೊಂದು ಕಡೆಯೂ ಕೈಕೊಟ್ಟಿತು. ಬ್ಯಾಂಕಿನಿಂದ ವಾಪಸು ಬಂದ ಪಾವತಿಗಳ ಟೇಬಲನ್ನು ಸದಸ್ಯರಿಗೆ ಜೋಡಿಸುತ್ತಿದ್ದದ್ದು ಖಾತೆ ಸಂಖ್ಯೆಯಿಂದ. ಒಂದು ಕಡೆ ಖಾತೆ ಸಂಖ್ಯೆ ಬದಲಾಯಿತು, ಇನ್ನೊಂದು ಕಡೆ ಹಳೆಯದೇ ಉಳಿಯಿತು, ಒಂದು ಪಾವತಿಗೂ ವಾರಸುದಾರರಿಲ್ಲ. ಕೊನೆಗೆ ಒಂದು ಗುಪ್ತ ಕೀ ಬಳಸಿ, ಒಂದು ಸಂಖ್ಯೆ ಯಾವ ಟೇಬಲಿನಲ್ಲಿದ್ದರೂ ಅದೇ ಸುಳ್ಳು ಸಂಖ್ಯೆಯಾಗುವ ಹಾಗೆ ಹ್ಯಾಶ್ ಮಾಡಿದೆವು. ಸಂಬಂಧ ಉಳಿಯಿತು, ಮನುಷ್ಯ ಮರೆಯಾದ. ಆದರೂ ಅಸಲಿ ಪ್ರತಿ ತರುವುದನ್ನು ಆ ಎಸ್ಸೆಮ್ಮೆಸ್ಸಿನ ನಂತರ ನಾವು ಪೂರ್ತಿ ಬಿಟ್ಟೆವು.

ಮತ್ತೆ ಸುಳ್ಳು ಡೇಟಾ. ಈ ಸಲ ಫೇಕರ್ ಎಂಬ ಲೈಬ್ರರಿ. ಯಾವ ದೇಶದ್ದು ಬೇಕೆಂದು ನಾವು ಹೇಳದೆ ಇದ್ದರೆ ಅದು ಅಮೆರಿಕದ ಹೆಸರು ಕೊಡುತ್ತದೆ. ನಮ್ಮ ಡೇರಿ ಸಂಘಗಳಲ್ಲಿ ಜೆನಿಫರ್‌ಗಳೂ ಮೈಕೆಲ್‌ಗಳೂ ಹಾಲು ಹಾಕತೊಡಗಿದರು. ಅವರ ಫೋನ್ ನಂಬರಿನ ಕೊನೆಗೆ ಎಕ್ಸ್ ಅಕ್ಷರ ಹಾಕಿ ಎಕ್ಸ್‌ಟೆನ್ಶನ್ ನಂಬರು ಬೇರೆ. ಹತ್ತು ಅಂಕಿಯ ಕಾಲಂ ಕೆಲವೊಮ್ಮೆ ಒಪ್ಪುತ್ತಿತ್ತು, ಕೆಲವೊಮ್ಮೆ ಒದೆಯುತ್ತಿತ್ತು, ಏಕೆಂದರೆ ಪ್ರತಿ ಸಲವೂ ನಂಬರು ಬೇರೆ. ಇವತ್ತು ಬಿದ್ದ ಟೆಸ್ಟ್ ನಾಳೆ ತಾನಾಗಿ ಏಳುತ್ತದೆ. ಅದನ್ನು ಕಿತ್ತು ಹಾಕಿ, ನಮ್ಮೂರ ಕಡೆಯ ಹೆಸರುಗಳ ಒಂದು ಸಣ್ಣ ಪಟ್ಟಿಯನ್ನು ನಾನೇ ಬರೆದೆ. ಒಂದೇ ಸಂಘದಲ್ಲಿ ಐದು ಜನ ಜಯಮ್ಮಂದಿರು ಬೇಕೆಂದೇ ಇಟ್ಟೆ. ಸರ್‌ನೇಮ್ ಕಾಲಂ ಖಾಲಿ.

ಡೇಟಾ ಚಿಕ್ಕದಿರಲಿ, ಆದರೆ ಊರಿನಂತಿರಲಿ ಎಂದು ಕೂತಾಗಲೇ ನಿಜವಾದ ದೋಷಗಳು ಹೊರಬಂದದ್ದು. ಮೊದಲನೆಯದು ಗಡಿಯಾರದ್ದು. ಹಳೆಯ ಟೆಸ್ಟುಗಳಲ್ಲಿ ಎಲ್ಲರೂ ಮಧ್ಯಾಹ್ನ ಹನ್ನೆರಡಕ್ಕೆ ಹಾಲು ಹಾಕುತ್ತಿದ್ದರು. ಹಳ್ಳಿಯಲ್ಲಿ ಯಾರು ಮಧ್ಯಾಹ್ನ ಹಾಲು ಕರೆಯುತ್ತಾರೆ? ನಾನು ಬೆಳಿಗ್ಗೆ 5.15 ಎಂದು ಬರೆದೆ. ಬಿಲ್ಲು ಮುರಿದುಬಿತ್ತು. ಡೇಟಾಬೇಸಿನಲ್ಲಿ ಸಮಯ ಇರುವುದು ಯುಟಿಸಿಯಲ್ಲಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ 16ನೇ ತಾರೀಖಿನ ಬೆಳಗಿನ 5.15 ಅಲ್ಲಿ 15ರ ರಾತ್ರಿ 11.45. ಬಿಲ್ಲಿನ ಕೋಡಿನಲ್ಲಿ ಒಂದು ಕಡೆ ಡ್ಜಾಂಗೊವನ್ನು ದಾಟಿ ನೇರವಾಗಿ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್ ಬರೆದು ತಾರೀಖು ತೆಗೆದಿದ್ದರು. ಹೊಸ ಬಟವಾಡೆಯ ಮೊದಲ ದಿನ ಐದೂವರೆಗೆ ಮುಂಚೆ ಹಾಲು ಹಾಕಿದವರ ಹಾಲು ಹಿಂದಿನ ಬಟವಾಡೆಗೆ ಸೇರುತ್ತಿತ್ತು. ಹಿಂದಿನ ಬಿಲ್ಲು ಆಗಲೇ ಮುಚ್ಚಿದ್ದರೆ ಎಲ್ಲಿಗೂ ಸೇರುತ್ತಿರಲಿಲ್ಲ. ಬೇಗ ಏಳುವವರಿಗೆ ನಷ್ಟ.

ಎರಡನೆಯದು ಪಕ್ಕದೂರಿನವರದ್ದು. ಹಿಂದಿನ ಯಾವ ಟೆಸ್ಟಿನಲ್ಲೂ ಒಂದಕ್ಕಿಂತ ಹೆಚ್ಚು ಸಂಘ ಇರಲಿಲ್ಲ, ಇದ್ದರೂ ಫ್ಯಾಕ್ಟರಿಯ ಗಲಾಟೆಯಿಂದ ಅವು ಒಂದಕ್ಕೊಂದು ತಾಗದೆ ಇದ್ದವು. ಸದಸ್ಯರ ಕೋಡು ಆಯಾ ಸಂಘದೊಳಗೆ ಮಾತ್ರ ಬೇರೆ ಬೇರೆ; ಎಲ್ಲ ಸಂಘದಲ್ಲೂ ಒಬ್ಬ 12ನೇ ಕೋಡಿನವರು ಇರುತ್ತಾರೆ. ನಾನು ಎರಡು ಸಂಘ ಕಟ್ಟಿ, ಎರಡರಲ್ಲೂ ಅದೇ ಕೋಡುಗಳನ್ನು ಕೊಟ್ಟು, ಒಂದು ಕಡೆಯ 12ನೆಯವರಿಗೆ ಒಂದು ಮೂಟೆ ಪಶು ಆಹಾರ ಕೊಡಿಸಿದೆ. ಇಬ್ಬರ ಬಿಲ್ಲಿನಲ್ಲೂ ಕಡಿತ ಬಂತು. ಕಡಿತ ಹುಡುಕುವ ಕಡೆ ಕೋಡು ಮಾತ್ರ ನೋಡಿದ್ದರು, ಸಂಘ ನೋಡಿರಲಿಲ್ಲ. ಬಿಲ್ಲಿನಲ್ಲಿ ಬರಬೇಕಾದವರನ್ನು ಎಲ್ಲರೂ ಟೆಸ್ಟ್ ಡೇಟಾದಲ್ಲಿ ಹಾಕುತ್ತಾರೆ. ಬರಬಾರದವರನ್ನು ಹಾಕುವವರು ಕಡಿಮೆ, ಹಾಗಾಗಿಯೇ ಇಂಥದ್ದು ವರ್ಷಗಟ್ಟಲೆ ಉಳಿಯುತ್ತದೆ.

ಈ ಹೊತ್ತಿಗೆ ನನಗೆ ಸ್ವಲ್ಪ ಹುಮ್ಮಸ್ಸು ಬಂದಿತ್ತು. ರಾಮನಗರದ ರೈತ ಕೋಲಾರದಲ್ಲಿ ಹಾಲು ಹಾಕುವುದನ್ನು ಫ್ಯಾಕ್ಟರಿಯಲ್ಲಿ ತಡೆದರೆ ಸಾಲದು, ಡೇಟಾಬೇಸೇ ತಡೆಯಲಿ ಎಂದು ಹೊರಟೆ. ಸದಸ್ಯರ ಐಡಿ ಮತ್ತು ಸಂಘದ ಐಡಿ ಎರಡನ್ನೂ ಜೋಡಿಯಾಗಿ ನೋಡುವ ಫಾರಿನ್ ಕೀ ಪೋಸ್ಟ್‌ಗ್ರೆಸ್ಸಿನಲ್ಲಿ ಬರೆಯಬಹುದು. ಡ್ಜಾಂಗೊಗೆ ಅದು ಬಾರದು, ನೇರ ಎಸ್‌ಕ್ಯುಎಲ್ ಬರೆದೆ. ಟೆಸ್ಟುಗಳೆಲ್ಲ ಹಸಿರು. ಅಸಲಿ ಡೇಟಾಬೇಸಿಗೆ ಹಾಕುವ ರಾತ್ರಿ ಪೋಸ್ಟ್‌ಗ್ರೆಸ್ ನಿರಾಕರಿಸಿತು. ಜೋಡಿ ಹೊಂದದ ಸಾಲುಗಳು ಈಗಾಗಲೇ ಇವೆ ಎಂದಿತು. ಹಳೆಯ ಸಾಲುಗಳನ್ನು ಪರೀಕ್ಷಿಸಬೇಡ, ಇನ್ನು ಮುಂದಿನದನ್ನು ಮಾತ್ರ ನೋಡು ಎಂದು ಹೇಳುವ ಅವಕಾಶ ಪೋಸ್ಟ್‌ಗ್ರೆಸ್ಸಿನಲ್ಲಿದೆ. ಹಾಗೆ ಮಾಡಿ ಮಲಗಿ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಪಟ್ಟಿ ತೆಗೆಸಿ ನೋಡಿದೆ. ಹೆಚ್ಚಿನವೆಲ್ಲ ಒಂದೇ ಊರಿನ ಸುತ್ತಮುತ್ತ.

ಬೆಳಿಗ್ಗೆ ಫೋನ್ ಮಾಡಿದ್ದು ಅದೇ ಕಾರ್ಯದರ್ಶಿಯವರಿಗೆ. ಎಸ್ಸೆಮ್ಮೆಸ್ಸಿನ ಸಿಟ್ಟು ಆರಿತ್ತು. "ಅದಾ? ನಮ್ಮೂರಲ್ಲಿ ಹೆಂಗಸರ ಸಂಘ ಬೇರೆ ಆಯ್ತಲ್ಲ ಮೇಡಂ. ಅರ್ಧ ಜನ ಅಲ್ಲಿಗೆ ಹೋದ್ರು. ಅದುಕ್ ಮುಂಚೆ ಹಾಕಿದ್ ಹಾಲು ಇಲ್ಲೇ ಅಲ್ವಾ? ಅದರ ಬೋನಸ್ಸೂ ನಮ್ಮ ಸಂಘದ್ದೇ" ಅಂದರು. ಸದಸ್ಯರ ಸಾಲಿನಲ್ಲಿ ಸಂಘ ಬದಲಾಗಿತ್ತು, ಹಳೆಯ ಹಾಲಿನ ಸಾಲುಗಳಲ್ಲಿ ಹಳೆಯ ಸಂಘ ಉಳಿದಿತ್ತು. ಎರಡೂ ಸರಿ. ಹಳೆಯ ಸಾಲುಗಳನ್ನು ಹೊಸ ಸಂಘಕ್ಕೆ ತಿದ್ದಿದ್ದರೆ ಒಂದು ಸಂಘದ ಬೋನಸ್ ಇನ್ನೊಂದರ ತಲೆಗೆ ಬರುತ್ತಿತ್ತು. ಅಸಾಧ್ಯ ಎಂದು ನಾವು ತಿಂಗಳುಗಟ್ಟಲೆ ಟೆಸ್ಟ್ ಡೇಟಾದಿಂದ ಓಡಿಸಿದ್ದ ರೈತ ನಿಜಕ್ಕೂ ಇದ್ದ.

ಸದಸ್ಯತ್ವವನ್ನೇ ಒಂದು ಬೇರೆ ಟೇಬಲ್ ಮಾಡಿದೆವು: ಯಾರು, ಯಾವ ಸಂಘ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಒಬ್ಬರದ್ದೇ ಎರಡು ಅವಧಿ ಒಂದರ ಮೇಲೊಂದು ಬೀಳದಂತೆ ಪೋಸ್ಟ್‌ಗ್ರೆಸ್ಸಿನಲ್ಲಿ ಒಂದು ಕಟ್ಟು. ಐದು ಜನ ಜಯಮ್ಮಂದಿರಲ್ಲಿ ಒಬ್ಬರನ್ನು ತಿಂಗಳ 8ನೇ ತಾರೀಖಿಗೆ ಮಹಿಳಾ ಸಂಘಕ್ಕೆ ಸೇರಿಸಿದೆವು, ಆ ಬಟವಾಡೆಗೆ ಅವರಿಗೆ ಎರಡು ಬಿಲ್ಲು. ಆ ಜಯಮ್ಮ ಬಂದ ಮೇಲೆ ಬಿದ್ದ ಟೆಸ್ಟುಗಳನ್ನು ಒಂದೊಂದಾಗಿ ಎಬ್ಬಿಸಿದ್ದಾಗಿದೆ, ಒಂದು ಮಾತ್ರ ಬಾಕಿ. ಹಳೆಯ ಸಂಘದಲ್ಲಿ ಸಾಲಕ್ಕೆ ತಂದ ಪಶು ಆಹಾರದ ದುಡ್ಡನ್ನು ಯಾವ ಬಿಲ್ಲಿನಲ್ಲಿ ಹಿಡಿಯಬೇಕು ಎಂದು ಎರಡೂ ಸಂಘದವರು ಇನ್ನೂ ಒಪ್ಪಿಲ್ಲ. ಆ ಟೆಸ್ಟಿನ ಮೇಲೆ ಸ್ಕಿಪ್ ಎಂದು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆದಿಟ್ಟಿದ್ದೇನೆ.